ಅಣ್ಣ ಬರೆದದ್ದು ‘ಬೇಕು’

ಚೀಟಿಯಲ್ಲಿ ಅಣ್ಣ ಬರೆದದ್ದು ‘ಬೇಕು’ ಎಂದು. ನಾನು ಅದನ್ನು ‘ಬೇಡ’ ಎಂದು ನಕಲು ಮಾಡಿದೆ. ಕಣ್ತಪ್ಪಿನಿಂದಲ್ಲ, ಅವಸರದಿಂದಲ್ಲ — ಓದಿ, ಮತ್ತೊಮ್ಮೆ ಓದಿ, ತಿಳಿದೇ ಬರೆದೆ. ಆರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಅಣ್ಣ ಹೋಗಿ ಈಗ ಎಂಟು ತಿಂಗಳು. ಅವನ ಎದುರು ಕೂತು ಹೇಳಬೇಕಾಗಿದ್ದ ಮಾತನ್ನು ಅವನಿಲ್ಲದ ಮೇಲೆ ಕಾಗದಕ್ಕೆ ಹೇಳುತ್ತಿದ್ದೇನೆ. ಇದಕ್ಕೇ ನನ್ನ ಮೇಲೆ ನನಗೆ ರೇಗುತ್ತದೆ.

ಆ ಚೀಟಿಯ ಹಿಂದಿನ ದಿನದಿಂದ ಶುರು ಮಾಡುತ್ತೇನೆ. ನಮ್ಮಿಬ್ಬರ ನಡುವೆ ಬಚ್ಚಿಟ್ಟದ್ದು ಏನೂ ಇರದಿದ್ದ ಕೊನೆಯ ದಿನ ಅದು.

ಅವತ್ತು ಶುಕ್ರವಾರ. ಎಂದಿನಂತೆ ನಾವಿಬ್ಬರೂ ಇಟ್ಟಮಡುವಿನಿಂದ ಕತ್ರಿಗುಪ್ಪೆಗೆ ನಡೆದುಕೊಂಡು ಹೋದೆವು. ಒಂದೇ ವಠಾರದಲ್ಲಿ ನಮ್ಮ ಮನೆಗಳು. ಅಣ್ಣ ಗೋಪಾಲ, ಅತ್ತಿಗೆ ಲಲಿತ ಮುಂದಿನ ಮನೆಯಲ್ಲಿ. ಗಂಡನನ್ನು ಬೇಗ ಕಳೆದುಕೊಂಡ ನಾನು ಹಿಂದಿನ ಮನೆಯಲ್ಲಿ. ಕೆಲಸವೂ ಒಂದೇ ಕಡೆ — ಮುನಿರಾಜು ಸಾರ್ ಅವರ ಹಲ್ಲಿನ ಲ್ಯಾಬ್. ಅವರ ಹಿರಿಯರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಎದ್ದ ಕಟ್ಟಡದ ಕೆಳಗಿನ ಅಂತಸ್ತು. ನನ್ನನ್ನು ಅಲ್ಲಿಗೆ ಸೇರಿಸಿದವನು ಅಣ್ಣನೇ. ಪಿಯುಸಿಯಲ್ಲಿ ನಪಾಸಾದವಳಿಗೆ, ಅದೂ ಗಂಡ ಸತ್ತ ಆರನೇ ತಿಂಗಳಿಗೆ, ಬೇರೆ ಯಾರು ಕೆಲಸ ಕೊಡುತ್ತಿದ್ದರು?

ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ನಮಗೆ ಕಳಿಸುತ್ತಿದ್ದರು. ಆ ಅಚ್ಚನ್ನು ತೊಳೆದು, ಯಾವ ಡಾಕ್ಟರದು, ಯಾವ ಹಲ್ಲು ಎಂದು ಪುಸ್ತಕದಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಅಚ್ಚಿನೊಳಗೆ ಪ್ಲಾಸ್ಟರ್ ಸುರಿದು ದವಡೆ ಮಾಡುವವರು ಒಬ್ಬರು. ಅದರ ಮೇಲೆ ಮೇಣದಲ್ಲಿ ಹಲ್ಲು ಕೆತ್ತುವವನು ಅಣ್ಣ. ಆ ಮೇಣದ ಹಲ್ಲು ಎರಕದಲ್ಲಿ ಲೋಹವಾಗಿ ಬಂದ ಮೇಲೆ ಅದಕ್ಕೆ ಹಲ್ಲಿನ ಬಣ್ಣದ ಸೆರಾಮಿಕ್ ಹಚ್ಚುವವನು ಈರಣ್ಣ, ಬಾಗಲಕೋಟೆ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ. ಜನ ಕ್ಯಾಪು ಎಂದು ಹಾಕಿಸಿಕೊಳ್ಳುತ್ತಾರಲ್ಲ, ಅದು ಹೀಗೆ ನಾಲ್ಕಾರು ಕೈ ದಾಟಿ ಬರುತ್ತಿತ್ತು.

ಅಣ್ಣ ಮೇಣಕ್ಕೆ ಚಾಕು ಇಡುವ ಮುಂಚೆ ತನ್ನದೇ ಬಾಯೊಳಗೆ ಆ ಹಲ್ಲನ್ನು ನಾಲಿಗೆಯಿಂದ ಒಮ್ಮೆ ಸವರಿ ನೋಡುತ್ತಿದ್ದ. ಕೆನ್ನೆ ಸ್ವಲ್ಪ ಉಬ್ಬುತ್ತಿತ್ತು. ಆಮೇಲೆ ಎರಡು ಸಲ ಹಲ್ಲು ಕಚ್ಚಿ, ಕೆತ್ತಲು ಕೂರುತ್ತಿದ್ದ. ಮೂವತ್ತು ವರ್ಷದ ಅಭ್ಯಾಸ. ಹೊಸದಾಗಿ ಸೇರಿದ, ಕಂಪ್ಯೂಟರ್ ಬಲ್ಲ ಪ್ರವೀಣ ಇದನ್ನು ನೋಡಿ, “ಅಣ್ಣಾ, ನಿಮ್ ಬಾಯಲ್ಲಿ ಇರೋದೇ ಮಾಸ್ಟರ್ ಕಾಪಿ” ಎನ್ನುತ್ತಿದ್ದ. ಅಣ್ಣ ನಗುತ್ತಿದ್ದ.

ಆ ದಿನಗಳಲ್ಲಿ ಲ್ಯಾಬಿನಲ್ಲಿ ಒಂದೇ ಮಾತು — ಮಶೀನು. ಬಾಯೊಳಗೆ ಒಂದು ಕಡ್ಡಿ ಆಡಿಸಿದರೆ ಹಲ್ಲುಗಳ ಚಿತ್ರ ಕಂಪ್ಯೂಟರಿಗೆ ಬಂದುಬಿಡುತ್ತದಂತೆ. ಅಚ್ಚು ಬೇಡ, ಪ್ಲಾಸ್ಟರ್ ಬೇಡ, ಮೇಣ ಬೇಡ. ಕಂಪ್ಯೂಟರಿನಲ್ಲಿ ಹಲ್ಲು ಮಾಡಿ ಕಳಿಸಿದರೆ ಮಶೀನು ಕೊರೆದು ಕೊಡುತ್ತದಂತೆ. ಕೊಳ್ಳಬೇಕೇ, ಬೇಡವೇ? ಈಗಲೇ ಕೊಂಡರೆ ಬೇಗವಾಯಿತೇ, ಕಾದರೆ ತಡವಾಯಿತೇ? ಮುನಿರಾಜು ಸಾರ್‌ಗೆ ತೋಚಲಿಲ್ಲ. ಅವರ ಮಗಳು ಕಾವ್ಯ ಮ್ಯಾನೇಜ್‌ಮೆಂಟ್ ಓದಿ ಬಂದಿದ್ದಳು. ಎಲ್ಲರೂ ಸೇರಿ ನಿರ್ಧಾರ ಮಾಡೋಣ, ಆದರೆ ಮಾತಿನಲ್ಲಿ ಅಲ್ಲ, ಚೀಟಿಯಲ್ಲಿ ಎಂದಳು.

“ಎದುರುಬದುರು ಕೂತ್ರೆ ಅಪ್ಪ ಹೇಳಿದ್ದೇ ಆಗುತ್ತೆ. ಇಲ್ಲಾಂದ್ರೆ ಯಾರು ಜೋರಾಗಿ ಮಾತಾಡ್ತಾರೋ ಅವರದ್ದು. ಚೀಟಿಲಿ ಹೆಸರಿರಲ್ಲ. ಎಲ್ಲಾ ಓದಿ ಹೇಳ್ತೀನಿ, ಕೇಳಿ, ಯೋಚನೆ ಮಾಡಿ, ಮತ್ತೆ ಬರೀರಿ. ಮೂರು ಸಲ. ಮೊದಲು ಬರೆದಿದ್ದನ್ನ ಆಮೇಲೆ ಬದಲಾಯಿಸಿದ್ರೂ ಯಾರಿಗೂ ಗೊತ್ತಾಗಲ್ಲ. ನಾಚ್ಕೋಬೇಕಾಗಿಲ್ಲ.”

“ಅಕ್ಷರ ಗೊತ್ತಾಗುತ್ತಲ್ಲಮ್ಮ. ಈರಣ್ಣಂದು ಕೋಳಿ ಕೆದರಿದಂಗಿರುತ್ತೆ” ಎಂದರು ಸಾರ್.

ಅದಕ್ಕೆ ನನ್ನನ್ನು ಹುಡುಕಿದರು. ಚೀಟಿಗಳೆಲ್ಲ ನನ್ನ ಕೈಗೆ ಬರಬೇಕು. ನಾನು ಅವನ್ನು ಒಂದು ನೋಟ್‌ಬುಕ್ಕಿನಲ್ಲಿ ನನ್ನ ಅಕ್ಷರದಲ್ಲಿ ನಕಲು ಮಾಡಿ, ಅಸಲಿ ಚೀಟಿಗಳನ್ನು ಹರಿದು ಹಾಕಬೇಕು. ಕಾವ್ಯ ನೋಟ್‌ಬುಕ್ ನೋಡಿ ಓದುತ್ತಾಳೆ. “ಸುಮಿತ್ರಾ ಆಂಟಿ ಬಾಯಿ ಬಿಡಲ್ಲ” ಎಂದು ಎಲ್ಲರೂ ಒಪ್ಪಿದರು. ಹೌದು, ನಾನು ಬಾಯಿ ಬಿಡುವವಳಲ್ಲ. ಅದೇ ನನ್ನ ಯೋಗ್ಯತೆ ಎಂದು ಅಂದು ಹೆಮ್ಮೆಪಟ್ಟೆ.

ಚೀಟಿ ಬರೆಯುವವರು ನನ್ನನ್ನೂ ಸೇರಿಸಿ ಏಳು ಜನ. ಸಾರ್, ಅಣ್ಣ, ಈರಣ್ಣ, ಪ್ರವೀಣ, ಪ್ಲಾಸ್ಟರಿನವರು, ಬೈಕಿನಲ್ಲಿ ಕ್ಯಾಪು ತಲುಪಿಸುವವನು, ನಾನು. ಮೊದಲ ಸಲದ ಪ್ರಶ್ನೆ: ಐದು ವರ್ಷ ಆದ ಮೇಲೆ ಡಾಕ್ಟರು ನಮಗೆ ಏನು ಕಳಿಸುತ್ತಾರೆ? ಒಬ್ಬರು ಬರೆದಿದ್ದರು: ‘ಈಗ ಕಳಿಸೋದೇ. ಅಚ್ಚು, ಜೊತೆಗೆ ಬೈಗುಳ.’ ಕಾವ್ಯ ಓದಿದಾಗ ಸಾರ್ ಕೂಡ ನಕ್ಕರು — ಬರೆದವರು ಅವರೇ. ಅಣ್ಣ ಬರೆದಿದ್ದ: ‘ಅಚ್ಚೇ. ಕೈಯಲ್ಲಿ ಮಾಡಿದ ಹಲ್ಲು ಬಾಯಿಗೆ ಕೂರೋ ಹಾಗೆ ಇನ್ಯಾವುದೂ ಕೂರಲ್ಲ. ಮಶೀನು ಬೇಡ.’ ಅವತ್ತು ಬೇಡ ಎಂದವರು ಐವರು, ಬೇಕು ಎಂದವರು ಪ್ರವೀಣ ಮತ್ತು ಈರಣ್ಣ ಇಬ್ಬರೇ.

ಎರಡನೇ ಸಲ, ಆ ಶುಕ್ರವಾರ, ಕಾರಣ ಬರೆಯಬೇಕಿತ್ತು. ಈರಣ್ಣ ಚೀಟಿ ಕೊಡುತ್ತಾ, “ಅಕ್ಕಾರ, ನನ್ನ ಅಕ್ಷರ ನೋಡಿ ನಗಬ್ಯಾಡ್ರಿ ಮತ್ತ” ಎಂದ. ಅದರಲ್ಲಿ ಅವನು ಬರೆದಿದ್ದ: ‘ಮಶೀನು ಕೊರೀತದ, ಆದ್ರ ಹಲ್ಲು ಅಂದ್ರೇನು ಅಂತ ಅದಕ್ಕ ಗೊತ್ತಿಲ್ಲ. ಕಂಪ್ಯೂಟರ್ ಮುಂದ ಹಲ್ಲು ಬಲ್ಲ ಮನುಷ್ಯ ಕೂತ್ರ ಮಾತ್ರ ಕೆಲಸ ಛಲೋ ಆಗ್ತದ.’ ಭಾಷೆಯಿಂದಲೇ ಗುರುತು ಸಿಗುತ್ತದೆ ಎಂದು ನಾನು ಅದನ್ನು ನಮ್ಮ ಕಡೆಯ ಮಾತಿಗೆ ತಿರುಗಿಸಿ ಬರೆದೆ. ನಕಲು ಮಾಡುವವಳು ಮಾತು ಬದಲಾಯಿಸಿದ್ದು ಅದೇ ಮೊದಲು. ಒಳ್ಳೆಯದಕ್ಕೇ ಬದಲಾಯಿಸಿದೆ. ಆದರೆ ಬದಲಾಯಿಸಬಹುದು ಎಂದು ಕೈಗೆ ಗೊತ್ತಾಗಿದ್ದೂ ಆಗಲೇ — ಎಂದು ಈಗ ಅನ್ನಿಸುತ್ತದೆ.

ಆ ಶುಕ್ರವಾರ ಸಂಜೆ ಮನೆಗೆ ನಡೆದು ಬರುವಾಗ ಕತ್ರಿಗುಪ್ಪೆಯ ಸಿಗ್ನಲ್ ದಾಟಿದ ಮೇಲೆ ಅಣ್ಣ ಹೇಳಿದ, “ಹಲ್ಲು ಬಲ್ಲೋನು ಕಂಪ್ಯೂಟರ್ ಮುಂದೆ ಕೂರ್ಬೇಕು ಅಂತ ಯಾರೋ ಬರೆದಿದ್ರಲ್ಲ ಸುಮಿ. ಯಾರೋ ಏನೋ. ಸರಿಯಾಗಿ ಹೇಳಿದಾರೆ ಕಣೆ.”

ನಾನು, “ಹ್ಞೂಂ” ಎಂದೆ. ನಿಂಬೆಹಣ್ಣು ತೆಗೆದುಕೊಂಡೆವು. ಅತ್ತಿಗೆ ಚಿತ್ರಾನ್ನ ಮಾಡುವವಳಿದ್ದಳು. ಅಷ್ಟೇ. ಅಂಥ ಸಾಮಾನ್ಯ ಸಂಜೆ.

ಶನಿವಾರ ಮೂರನೇ ಸಲ. ಕಾರಣ ಬೇಕಿಲ್ಲ, ಒಂದೇ ಪದ ಸಾಕು — ಬೇಕು ಅಥವಾ ಬೇಡ. “ನನ್ನ ಚೀಟಿಗೂ ಒಂದೇ ಬೆಲೆ, ಜಾಸ್ತಿ ಯಾವುದು ಬರುತ್ತೋ ಅದೇ ಫೈನಲ್” ಎಂದು ಸಾರ್ ಎಲ್ಲರ ಮುಂದೆ ಮಾತು ಕೊಟ್ಟಿದ್ದರು. ಊಟದ ಹೊತ್ತಿಗೆ ಏಳೂ ಚೀಟಿ ನನ್ನ ಡಬ್ಬಿಗೆ ಬಿದ್ದವು. ಕೈ ತೊಳೆಯುವ ತೊಟ್ಟಿಯ ಪಕ್ಕ ನನ್ನ ಸ್ಟೂಲು. ಅಲ್ಲಿ ಕೂತು ಒಂದೊಂದೇ ಬಿಚ್ಚಿದೆ. ಬೈಕಿನವನು ‘ಬೇಕು’ ಎಂದು ಬದಲಾಯಿಸಿದ್ದ — ‘ಅಚ್ಚು ತರೋಕೆ ಹೋಗೋದು ತಪ್ಪಿದ್ರೆ ಅರ್ಧ ಟ್ರಾಫಿಕ್ ತಪ್ಪಿತು’ ಎಂದು ಕೆಳಗೆ ಬರೆದು ಗೀಚಿ ಹಾಕಿದ್ದ. ಬೇಕು ಮೂರು, ಬೇಡ ಮೂರು. ಉಳಿದದ್ದು ಅಣ್ಣನ ಚೀಟಿ.

‘ಬೇಕು. ನನಗೂ ಕಲಿಸಿ.’

ಮೇಣ ಕೆತ್ತುವವರ ಅಕ್ಷರ ಗೊತ್ತಲ್ಲ — ಪುಟ್ಟದು, ಒಂದೊಂದೂ ಅಂಚು ತೀಡಿದ ಹಾಗೆ. ಐವತ್ತೊಂದು ವರ್ಷದ ಮನುಷ್ಯ, ಆ ಲ್ಯಾಬಿನಲ್ಲಿ ಎಲ್ಲರೂ ಅಣ್ಣಾ ಎಂದು ಕೈಕಟ್ಟಿ ನಿಲ್ಲುತ್ತಿದ್ದ ಕೆಲಸಗಾರ, ತನಗೆ ಗೊತ್ತಿಲ್ಲ ಕಲಿಸಿ ಎಂದು ಕೇಳಿದ್ದ. ಬಾಯಿ ಬಿಟ್ಟು ಕೇಳಲು ಅವನಿಂದ ಆಗುತ್ತಿರಲಿಲ್ಲ. ಹೆಸರಿಲ್ಲದ ಚೀಟಿ ಎಂಬ ಧೈರ್ಯಕ್ಕೆ ಕೇಳಿದ್ದ. ಅಂಥವನಿಗಾಗಿಯೇ ಅಲ್ಲವೇ ಆ ಚೀಟಿಯ ಪದ್ಧತಿ ಇದ್ದದ್ದು.

ನಾನು ನೋಟ್‌ಬುಕ್ಕಿನಲ್ಲಿ ‘ಬೇ’ ಎಂದು ಬರೆದೆ. ಅಲ್ಲಿಗೆ ಪೆನ್ನು ನಿಂತಿತು. ಎರಡಕ್ಕೂ ಮೊದಲ ಅಕ್ಷರ ಒಂದೇ. ಅಲ್ಲಿಯವರೆಗೆ ನಾನು ಯಾವ ತಪ್ಪೂ ಮಾಡಿರಲಿಲ್ಲ. ಆಮೇಲೆ ‘ಡ’ ಬರೆದೆ.

ಅಸಲಿ ಚೀಟಿಗಳನ್ನು ಹರಿದು, ಪ್ಲಾಸ್ಟರ್ ಕಲಸುವ ರಬ್ಬರ್ ಬಟ್ಟಲಿನಲ್ಲಿ ಉಳಿದಿದ್ದ ಗಂಜಿಗೆ ಹಾಕಿ ತಿರುವುವುದು ನಾನೇ ಮಾಡಿಕೊಂಡಿದ್ದ ಉಪಾಯ. ಯಾರೂ ಚೂರು ಜೋಡಿಸಿ ಓದಲಾಗದು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಅವತ್ತು ಬಟ್ಟಲು ನನ್ನ ಕೈಯಲ್ಲಿತ್ತು. ಬೆಚ್ಚಗಾಯಿತು. ಆಮೇಲೆ ತಣ್ಣಗಾಯಿತು. ಬಟ್ಟಲು ಹಿಂಡಿ ಆ ಗಟ್ಟಿಯನ್ನು ಕಸದ ಡಬ್ಬಕ್ಕೆ ಎತ್ತಿ ಹಾಕಿದೆ.

ಬೇಕು ಮೂರು, ಬೇಡ ನಾಲ್ಕು ಎಂದು ಕಾವ್ಯ ಓದಿದಳು. ಪ್ರವೀಣ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಹೋದ. ಅಣ್ಣ ತನ್ನ ಕೈಗಳನ್ನು ನೋಡುತ್ತಾ ಕೂತಿದ್ದ. ಯಾರೋ ಕೊನೆ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದರು ಎಂದುಕೊಂಡನೋ — ಅಥವಾ ಆಗಲೇ —

ಗೊತ್ತಿಲ್ಲ.

ಯಾಕೆ ಮಾಡಿದೆ? ಅಣ್ಣನಿಗಾಗಿ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಮಶೀನು ಬಂದರೆ ಅವನನ್ನು ಪ್ರವೀಣನ ಕೈಕೆಳಗೆ ಕೂರಿಸುತ್ತಾರೆ, ಅವನ ಕಣ್ಣು ಸೋಲುತ್ತಿದೆ, ವರ್ಷದೊಳಗೆ ಮನೆಗೆ ಕಳಿಸುತ್ತಾರೆ, ಅವನಿಗೆ ಅದು ತಿಳಿಯುತ್ತಿಲ್ಲ, ನನಗೆ ತಿಳಿಯುತ್ತಿದೆ — ಹೀಗೆ. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅಂದು ‘ಬೇ’ ಎಂದು ಬರೆದು ನಿಂತಾಗ ನಾನು ನೋಡಿದ್ದು ಅಣ್ಣನ ಮೇಜನ್ನಲ್ಲ. ತೊಟ್ಟಿಯ ಪಕ್ಕ ಸಾಲಾಗಿ ಇಟ್ಟಿದ್ದ ಅಚ್ಚುಗಳನ್ನು. ಅಚ್ಚು ಬರುವುದೇ ನಿಂತರೆ ಅದನ್ನು ತೊಳೆಯುವವಳು ಯಾಕೆ? ಅಣ್ಣ ಹೊಸದನ್ನು ಕಲಿತಾನು. ನನಗೆ ಕಲಿಸಿ ಎಂದು ಬರೆಯಲು ನನ್ನ ಹತ್ತಿರ ಏನಿತ್ತು? ಮೊದಲು ಹೋಗುವವಳು ನಾನೇ ಆಗಿದ್ದೆ. ನಾನು ಕಾಪಾಡಿದ್ದು ನನ್ನ ಸ್ಟೂಲನ್ನು.

ಇಷ್ಟು ಬರೆಯಲು ಮೂರು ಹಾಳೆ ಹರಿದೆ.

ಆಮೇಲಿನದು ಬೇಗ ನಡೆಯಿತು. ಜೆ.ಪಿ. ನಗರದ ಒಂದು ಲ್ಯಾಬಿನವರು ಮಶೀನು ತಂದರು. ನಮ್ಮ ಡಾಕ್ಟರು ಒಬ್ಬೊಬ್ಬರಾಗಿ ಅತ್ತ ಹೋದರು. ಎರಡನೇ ವರ್ಷದ ಕೊನೆಗೆ ತೊಟ್ಟಿಯ ಪಕ್ಕ ದಿನಕ್ಕೆ ನಾಲ್ಕೈದು ಅಚ್ಚು ಬಂದರೆ ಹೆಚ್ಚು. ಚೀಟಿಯಲ್ಲಿ ಹೆಸರಿಲ್ಲದಿದ್ದರೇನು, ಜನ ಹೆಸರು ಹಚ್ಚಿಕೊಂಡರು. ಮೇಣ ಕೆತ್ತುವವನಲ್ಲದೆ ಮಶೀನು ಬೇಡ ಎನ್ನುವವರು ಇನ್ನು ಯಾರು?

ಒಂದು ಮಧ್ಯಾಹ್ನ ಟೀ ಕುಡಿಯುವಾಗ ಪ್ರವೀಣ ಅಂದೇಬಿಟ್ಟ. “ಮೇಣದಣ್ಣನ ಒಂದು ಚೀಟಿ ಗುರು, ಏಳು ಜನರ ಹೊಟ್ಟೆ ಮೇಲೆ ಬಿತ್ತು.”

ಅಣ್ಣ ಲೋಟ ಕೆಳಗಿಟ್ಟ. “ನಾನು ಬೇಕು ಅಂತ್ಲೇ ಬರೆದಿದ್ದೆ ಕಣಪ್ಪ.”

“ಈಗ ಎಲ್ರೂ ಬೇಕು ಅಂತ್ಲೇ ಬರೆದಿದ್ದು. ಬೇಡ ಅಂದಿದ್ದು ಪ್ಲಾಸ್ಟರ್ ಗೊಂಬೆಗಳು ಅಲ್ವಾ?”

ಎಲ್ಲರೂ ನಕ್ಕರು. ಸಾರ್ ನಗಲಿಲ್ಲ, ಆದರೆ ತಡೆಯಲೂ ಇಲ್ಲ. ಅಣ್ಣ ನನ್ನ ಕಡೆ ತಿರುಗಿದ.

“ಸುಮಿ, ನೀನೇ ಬರ್ಕೊಂಡಿದ್ದಲ್ವಾ. ಹೇಳಮ್ಮ ಇವರಿಗೆ.”

ಆಗಲಾದರೂ ಹೇಳಬಹುದಿತ್ತು. ಚೀಟಿ ತಿದ್ದಿದ್ದು ಒಂದು ಕ್ಷಣದ ಕೆಲಸ, ಇದು ಹಾಗಲ್ಲ. ಅವನು ಕೇಳಿದ, ಎಲ್ಲರೂ ಕಾದರು, ನಾನು ಯೋಚನೆ ಮಾಡಿ ಹೇಳಿದೆ — “ಯಾರದ್ದು ಯಾವುದು ಅಂತ ನಾನು ನೋಡ್ತಿರ್ಲಿಲ್ಲ ಅಣ್ಣ.”

ಅವನು ನನ್ನನ್ನೇ ನೋಡಿದ. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಈಗ ಇಷ್ಟು — “ಹೌದೌದು, ನೋಡ್ಬಾರ್ದು, ಅದೇ ರೂಲ್ಸು” ಎಂದ. ಲೋಟ ತೆಗೆದುಕೊಂಡು ತೊಳೆಯಲು ಹೋದ. ಮತ್ತೆ ಒಂದು ದಿನವೂ ಆ ಮಾತು ಎತ್ತಲಿಲ್ಲ.

ಮುಂದಿನ ವರ್ಷ ಲ್ಯಾಬು ಮುಚ್ಚಿತು. ಆ ಜಾಗ ಈಗ ಔಷಧಿ ಅಂಗಡಿ. ಅಣ್ಣ ಜೆ.ಪಿ. ನಗರದ ಲ್ಯಾಬಿಗೆ ಹೋಗಿ, ಸಂಬಳ ಬೇಡ, ಮೂರು ತಿಂಗಳು ಕಲಿಸಿ ಸಾಕು ಎಂದು ಕೇಳಿದನಂತೆ. ಅಲ್ಲಿನ ಮ್ಯಾನೇಜರು, “ಅಂಕಲ್, ಮಶೀನ್ ಬೇಡ ಅಂತ ಚೀಟಿ ಹಾಕಿದ್ದು ನೀವೇ ಅಲ್ವಾ?” ಎಂದನಂತೆ. ನಮ್ಮ ಈ ಕಸುಬು ಬಹಳ ಸಣ್ಣದು. ಎಲ್ಲರಿಗೂ ಎಲ್ಲರೂ ಗೊತ್ತು. ಮನೆಗೆ ಬಂದು ಅತ್ತಿಗೆಯ ಮುಂದೆ ಅದನ್ನೇ ತಮಾಷೆಯಾಗಿ ಹೇಳಿದ. ನಾನೂ ಅಲ್ಲೇ ಬೀನ್ಸ್ ಬಿಡಿಸುತ್ತಾ ಕೂತಿದ್ದೆ. ಆಮೇಲೆ ಮನೆಯ ಮುಂಗೋಣೆಯಲ್ಲಿ ಮುದುಕರ ಹಲ್ಲುಸೆಟ್ಟು ಜೋಡಿಸುವ ಕೆಲಸ ಹಿಡಿದ. ಕಳೆದ ವರ್ಷ ಒಂದು ಬೆಳಿಗ್ಗೆ, ಹಲ್ಲುಜ್ಜಿ ಬಂದು ಕೂತವನು, ಎದೆ ಹಿಡಿದುಕೊಂಡು ಹಾಗೇ ವಾಲಿದ. ಡಾಕ್ಟರು ಹೃದಯ ಎಂದರು. ಚೀಟಿಯಿಂದ ಸತ್ತ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದೂ ನನ್ನನ್ನು ನಾನೇ ದೊಡ್ಡವಳು ಮಾಡಿಕೊಂಡ ಹಾಗೆ. ಅವನು ಬದುಕಿದ್ದ ಕೊನೆಯ ವರ್ಷಗಳು ಹೇಗಿದ್ದವು ಎಂಬುದು ಮಾತ್ರ ನನ್ನ ಲೆಕ್ಕ.

ನಾನು ಈಗ ಜಯನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡುತ್ತೇನೆ. ಕೆಲಸ ಸಿಕ್ಕಿತು. ನನ್ನಂಥವಳಿಗೆ ಏನೋ ಒಂದು ಸಿಗುತ್ತದೆ ಎಂಬುದೂ ನನಗೆ ಅಂದು ಹೊಳೆಯಲಿಲ್ಲ. ಆ ಕಡ್ಡಿ, ಆ ಚಿತ್ರ ದಿನವೂ ಕಣ್ಣೆದುರು. ಹೋದ ತಿಂಗಳು ಕ್ಯಾಪೊಂದು ಸರಿಯಾಗಿ ಕೂರದೆ ಮೂರು ಸಲ ವಾಪಸ್ಸು ಹೋಯಿತು. ನಮ್ಮ ಡಾಕ್ಟರ್ ಮೇಡಂ ಬೇಸತ್ತು, “ಮಶೀನ್ ಎಲ್ಲಾ ಚೆನ್ನಾಗಿದೆ ಸುಮಿತ್ರಾ, ಅಲ್ಲಿ ಹಲ್ಲು ಗೊತ್ತಿರೋರು ಒಬ್ರೂ ಇಲ್ಲ” ಎಂದರು. ನಾನು ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ. ಈರಣ್ಣನ ಚೀಟಿ. ಅಣ್ಣನಿಗೆ ಸರಿ ಎನಿಸಿದ ಮಾತು. ಐದು ವರ್ಷ ಆದ ಮೇಲೆ ಏನಾಗುತ್ತದೆ ಎಂದು ಅವರಿಬ್ಬರಿಗೂ ಗೊತ್ತಿತ್ತು. ಬರೆದೂ ಕೊಟ್ಟಿದ್ದರು. ಎರಡೂ ಚೀಟಿ ಓದಿದವಳು ನಾನೊಬ್ಬಳೇ.

ಅಣ್ಣನ ಹನ್ನೊಂದನೇ ದಿನಕ್ಕೆ ಕಾವ್ಯ ಬಂದಿದ್ದಳು. ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಫೋಟೋಗೆ ಕೈಮುಗಿದು, ಊಟಕ್ಕೆ ಕೂತವಳು ಬಡಿಸುತ್ತಿದ್ದ ನನಗೆ ಮೆಲ್ಲಗೆ ಹೇಳಿದಳು: “ನಮ್ಮ ಚೀಟಿ ಕಥೆನ ಪ್ರತಿ ಬ್ಯಾಚ್‌ಗೂ ಹೇಳ್ತೀನಿ ಆಂಟಿ. ಅಂಕಲ್ ಹೆಸರು ಹೇಳಲ್ಲ. ಪದ್ಧತಿ ಸರಿ ಇದ್ರೂ, ಕೈಕೆಲಸದೋರಿಗೆ ಹೊಸದನ್ನ ಒಪ್ಕೊಳ್ಳೋದು ಎಷ್ಟು ಕಷ್ಟ ಅಂತ. ಅದು ಅವರ ತಪ್ಪಲ್ಲ, ಪಾಪ.”

ಪಾಪ ಎಂದಳು. ನನ್ನ ಅಣ್ಣನಿಗೆ. ಆ ಏಳು ಜನರಲ್ಲಿ ಹೊಸದನ್ನು ಕಲಿಸಿ ಎಂದು ಕೇಳಿದವನು ಅವನೊಬ್ಬನೇ. ಅವನು ಪ್ರತಿ ವರ್ಷ, ಮುಖ ನೋಡದ ಮಕ್ಕಳ ಮುಂದೆ, ಹೊಸದನ್ನು ಒಪ್ಪದ ಮುದುಕನಾಗಿ ನಿಲ್ಲುತ್ತಿದ್ದಾನೆ. ನಾನು ಅವಳ ಎಲೆಗೆ ಇನ್ನೊಂದು ವಡೆ ಬಡಿಸಿದೆ. ಮೂರನೇ ಸಲವೂ ಬಾಯಿ ಬಿಡಲಿಲ್ಲ.

ಹೋದ ಭಾನುವಾರ ಅತ್ತಿಗೆಗೆ ಹೇಳಿದೆ. ಎಲ್ಲವನ್ನೂ, ಸ್ಟೂಲಿನ ಮಾತನ್ನೂ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿ ಎಂದೇ ಹೋಗಿದ್ದೆ. ಅವಳು ಒಲೆಯ ಮೇಲಿದ್ದ ಹಾಲನ್ನು ಇಳಿಸಿ ಬಂದು ಕೂತು ಹೇಳಿದಳು:

“ಬೇಕು ಅಂತ ಬರೆದಿದ್ದೆ ಕಣೆ ಅಂತ ನನಗೂ ಹೇಳಿದ್ರು ಸುಮಿತ್ರಾ. ಒಂದಲ್ಲ, ಎರಡು ಸಲ. ನಾನೂ ನಂಬ್ಲಿಲ್ಲ.”

ಆಮೇಲೆ ನನ್ನನ್ನು ಮನೆಗೆ ಹೋಗು ಎಂದಳು. ಅಂದಿನಿಂದ ಮಾತಾಡಿಲ್ಲ. ವಠಾರದ ನಲ್ಲಿಯ ಹತ್ತಿರ ನಾನು ಬಂದರೆ ಕೊಡ ತೆಗೆದುಕೊಂಡು ಒಳಗೆ ಹೋಗುತ್ತಾಳೆ. ಹೋಗಲಿ. ಅದು ಅವಳ ಹಕ್ಕು.

ಇದನ್ನು ನಾಲ್ಕು ಪ್ರತಿ ಮಾಡಿಸಿ ಕಾವ್ಯನಿಗೆ, ಮುನಿರಾಜು ಸಾರ್‌ಗೆ, ಪ್ರವೀಣನಿಗೆ, ಊರಿಗೆ ಮರಳಿರುವ ಈರಣ್ಣನಿಗೆ ಕೊಡುತ್ತೇನೆ. ಕೆಳಗೆ ನನ್ನ ಹೆಸರು ಹಾಕಿಯೇ ಕೊಡುತ್ತೇನೆ. ಅವರು ನಂಬುತ್ತಾರೋ, ಅಣ್ಣನ ಹೆಸರು ಉಳಿಸಲು ತಂಗಿ ಕಟ್ಟಿದ ಕಥೆ ಎನ್ನುತ್ತಾರೋ ತಿಳಿಯದು. ತೋರಿಸಲು ನನ್ನ ಹತ್ತಿರ ಇರುವುದು ಆ ನೋಟ್‌ಬುಕ್ ಒಂದೇ. ಅದರಲ್ಲಿ ಮೂರನೇ ಸಲದ ಪುಟ ಹಾಗೇ ಇದೆ. ಏಳು ಸಾಲು, ಏಳೂ ನನ್ನ ಅಕ್ಷರ. ಕೊನೆಯ ಸಾಲನ್ನು ತಿದ್ದಲು ಒಮ್ಮೆ ಪೆನ್ನು ತೆಗೆದುಕೊಂಡೆ, ಬಿಟ್ಟೆ. ತಿದ್ದಿದರೂ ಅದು ನನ್ನ ಅಕ್ಷರವೇ ಆಗುತ್ತದೆ.

ಅಣ್ಣನ ಅಕ್ಷರದಲ್ಲಿದ್ದ ಆ ಚೀಟಿ ಇಲ್ಲ.